ಮನೆಯ ಹೊರಗೊಂದು ಬಾಯ್ಲರ್: ಕಟ್ಟಿಗೆ, ಕಲ್ಲಿದ್ದಲಿನೊಂದಿಗೆ ನನ್ನ ಅನುಭವ

ಚಳಿಗಾಲದಲ್ಲಿ ನಮ್ಮ ಮನೆಯನ್ನು ಬೆಚ್ಚಗಿಡುವ ಬೆಂಕಿ ಮನೆಯೊಳಗೆ ಉರಿಯುವುದಿಲ್ಲ. ಗೋಡೆಯಿಂದ ಸಾಕಷ್ಟು ದೂರದಲ್ಲಿ, ಹಿತ್ತಿಲಿನಲ್ಲಿ, ಕಟ್ಟಿಗೆ ಮತ್ತು ಕಲ್ಲಿದ್ದಲು ಎರಡನ್ನೂ ಉರಿಸಬಲ್ಲ ಬಾಯ್ಲರ್ ಇದೆ. ಅದರ ಒಲೆಯ ಸುತ್ತಲಿನ ಜೋಡಿಗೋಡೆಯ ನಡುವೆ ನೀರು ತುಂಬಿರುತ್ತದೆ. ಕಾದ ನೀರನ್ನು ಒಂದು ಸಣ್ಣ ಪಂಪ್ ನೆಲದಡಿಯ ಪೈಪಿನಲ್ಲಿ ಮನೆಗೆ ತಲುಪಿಸುತ್ತದೆ, ಅದು ರೇಡಿಯೇಟರುಗಳಲ್ಲಿ ಸುತ್ತಿ ಶಾಖ ಬಿಟ್ಟು ಮರಳಿ ಬಾಯ್ಲರಿಗೆ ಬರುತ್ತದೆ. ಹೊಗೆ, ಬೂದಿ, ಸೌದೆಯ ಕಸ ಎಲ್ಲವೂ ಹೊರಗೇ ಉಳಿಯುವುದು ಇದರ ದೊಡ್ಡ ಅನುಕೂಲ. ಆದರೆ ಇದನ್ನು ನಡೆಸುತ್ತ ಬಂದ ನಾನು ಬೆಂಕಿಗಿಂತ ಹೆಚ್ಚು ಗಮನ ಕೊಡುವುದು ಎರಡಕ್ಕೆ: ಮರಳಿ ಬರುವ ನೀರಿಗೆ ಮತ್ತು ಒಲೆಗೆ ಹೋಗುವ ಗಾಳಿಗೆ.

ಪೈಪಿನ ವಿಷಯದಲ್ಲಿ ನಾನು ಯಾವ ಉಳಿತಾಯಕ್ಕೂ ಒಪ್ಪಲಿಲ್ಲ. ಹೋಗುವ, ಬರುವ ಪೈಪುಗಳನ್ನು ತೆಳುವಾದ ಹೊದಿಕೆಯಲ್ಲಿ ಸುತ್ತಿ ಹೂತರೆ, ಆ ಹೊದಿಕೆಯೊಳಗೆ ನೀರು ಸೇರಿದ ಕೂಡಲೇ ಶಾಖ ಮಣ್ಣಿಗೆ ಇಳಿಯತೊಡಗುತ್ತದೆ. ಪೈಪು ಹಾದುಹೋದ ಜಾಗದಲ್ಲಷ್ಟೇ ಹಿಮ ಕರಗಿದ್ದು ಕಂಡರೆ ಸೌದೆಯ ಒಂದು ಪಾಲು ಅಂಗಳವನ್ನು ಕಾಯಿಸುತ್ತಿದೆ ಎಂದೇ ತಿಳಿಯಬೇಕು. ಹಾಗಾಗಿ ಗಟ್ಟಿ ಫೋಮ್ ತುಂಬಿದ, ನೀರು ಒಳನುಗ್ಗದ ಪೈಪನ್ನೇ ಹಾಕಿಸಿದೆ. ಅದರ ಒಳಗಾತ್ರವನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಲಾಗದು. ಒಂದು ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್ ತಣಿದಾಗ ಸುಮಾರು 4.2 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ಆದ್ದರಿಂದ 20 ಕಿಲೋವ್ಯಾಟ್ ಶಾಖ ಬೇಕಿರುವ ಮನೆಯಲ್ಲಿ ಹೋಗುವ ಮತ್ತು ಬರುವ ನೀರಿನ ನಡುವೆ 10 ಡಿಗ್ರಿ ಅಂತರವಷ್ಟೇ ಇರಬೇಕೆಂದರೆ ನಿಮಿಷಕ್ಕೆ ಸುಮಾರು 29 ಲೀಟರ್ ನೀರು ಹರಿಯಬೇಕಾಗುತ್ತದೆ. ಕಿರಿದಾದ ಪೈಪಿನಲ್ಲಿ ಇಷ್ಟು ನೀರು ಹರಿಸಲು ಹೊರಟರೆ ಪಂಪ್ ಏದುಸಿರು ಬಿಡುತ್ತದೆ, ನೀರು ತೀರ ತಣ್ಣಗಾಗಿ ಮರಳುತ್ತದೆ.

ತಣ್ಣಗೆ ಮರಳುವ ನೀರೇ ಬಾಯ್ಲರಿನ ಶತ್ರು. ಹೊಗೆಯಲ್ಲಿ ನೀರಾವಿ ಯಾವಾಗಲೂ ಇದ್ದೇ ಇರುತ್ತದೆ. ಒಲೆಯ ಉಕ್ಕಿನ ಗೋಡೆ ತಣ್ಣಗಿದ್ದರೆ ಆ ಆವಿ ಅಲ್ಲೇ ಬೆವರಿ, ಹೊಗೆಯ ಮಸಿಯೊಂದಿಗೆ ಬೆರೆತು, ಡಾಂಬರಿನಂಥ ಕಪ್ಪು ಜಿಗುಟಾಗಿ ಅಂಟುತ್ತದೆ ಮತ್ತು ಅದರಡಿಯಲ್ಲಿ ಉಕ್ಕು ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. ಇದನ್ನು ತಡೆಯಲು ಮರಳುವ ಪೈಪಿಗೆ ಉಷ್ಣಾಂಶ ನೋಡಿ ತೆರೆದುಕೊಳ್ಳುವ ಒಂದು ವಾಲ್ವ್ ಜೋಡಿಸಿದ್ದೇನೆ. ಮರಳುವ ನೀರು 60 ಡಿಗ್ರಿಗಿಂತ ಕೆಳಗಿದ್ದಾಗ ಅದು ಬಾಯ್ಲರಿನಿಂದ ಹೊರಟ ಬಿಸಿನೀರನ್ನೇ ಸ್ವಲ್ಪ ತಿರುಗಿಸಿ ಬೆರೆಸುತ್ತದೆ.

ಅಗತ್ಯಕ್ಕಿಂತ ದೊಡ್ಡ ಬಾಯ್ಲರ್ ಇರಲಿ ಎಂಬ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ನೀರು ಬೇಗನೆ ಕಾದು, ಫ್ಯಾನ್ ನಿಂತು, ಗಾಳಿಯ ಬಾಗಿಲು ಮುಚ್ಚಿಕೊಂಡು, ಒಲೆ ತುಂಬ ಇರುವ ಸೌದೆ ಗಂಟೆಗಟ್ಟಲೆ ಹೊಗೆಯಾಡುತ್ತ ಕೂರುವುದು ಅಂಥ ಬಾಯ್ಲರಿನಲ್ಲಿಯೇ. ನೆರೆಯವರ ದೂರು ಬರುವುದೂ ಆಗಲೇ. ಬೆಂಕಿ ಜೋರಾಗಿ ಉರಿಯಲಿ, ಹೆಚ್ಚಾದ ಶಾಖ ನೀರಿನ ತೊಟ್ಟಿಯಲ್ಲಿ ಉಳಿಯಲಿ ಎಂಬುದು ನನ್ನ ಪಕ್ಷ. 1,000 ಲೀಟರ್ ನೀರು 50ರಿಂದ 80 ಡಿಗ್ರಿಗೆ ಏರಿದರೆ ಅದರಲ್ಲಿ ಸುಮಾರು 35 ಕಿಲೋವ್ಯಾಟ್-ಗಂಟೆಯಷ್ಟು ಶಾಖ ಕೂಡಿರುತ್ತದೆ. 7 ಕಿಲೋವ್ಯಾಟ್ ಬೇಡುವ ಮನೆಗೆ ಅದು ಬೆಂಕಿಯಿಲ್ಲದೆ ಐದು ಗಂಟೆಯ ಬೆಚ್ಚನೆ.

ಸೌದೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೀಳಿ, ಮೇಲೆ ಮಾತ್ರ ಹೊದಿಸಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಟ್ಟು ಒಟ್ಟಿಟ್ಟ ಕಟ್ಟಿಗೆಯ ತೇವಾಂಶ ಶೇ. 20ಕ್ಕಿಂತ ಕೆಳಗಿಳಿದ ಮೇಲೆಯೇ ಒಲೆಗೆ ಹಾಕುತ್ತೇನೆ. ಹಸಿ ಸೌದೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು, ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿ ದಣಿಯುತ್ತದೆ. ಬಣ್ಣ ಬಳಿದ ಹಲಗೆಗಾಗಲಿ ಪ್ಲಾಸ್ಟಿಕ್ಕಿಗಾಗಲಿ ಈ ಒಲೆಯಲ್ಲಿ ಜಾಗವಿಲ್ಲ.

ಕಲ್ಲಿದ್ದಲಿನ ಸ್ವಭಾವವೇ ಬೇರೆ. ಕಟ್ಟಿಗೆ ಬೂದಿಯ ಹಾಸಿನ ಮೇಲೆ, ಮೇಲಿಂದ ಬರುವ ಗಾಳಿಯಲ್ಲಿ ಚೆನ್ನಾಗಿ ಉರಿಯುತ್ತದೆ. ಕಲ್ಲಿದ್ದಲಿಗೆ ಗಾಳಿ ಕೆಳಗಿನ ಸರಳುಗಳ ಮೂಲಕ, ಇಡೀ ರಾಶಿಯನ್ನು ತೂರಿಕೊಂಡು ಬರಬೇಕು. ಆದ್ದರಿಂದ ಸರಳುಗಳನ್ನು ಅಲುಗಾಡಿಸುವ ಹಿಡಿಕೆ ಇಲ್ಲದ, ಕಲ್ಲಿದ್ದಲಿಗೆಂದು ತಯಾರಕರೇ ಹೇಳಿರದ ಬಾಯ್ಲರಿನಲ್ಲಿ ಅದನ್ನು ಉರಿಸಬಾರದು. ನಾನು ಮೊದಲು ಕಟ್ಟಿಗೆಯಿಂದ ದಪ್ಪನೆಯ ಕೆಂಡದ ಹಾಸು ಮಾಡಿಕೊಳ್ಳುತ್ತೇನೆ, ಅನಂತರ ಕಲ್ಲಿದ್ದಲನ್ನು ತೆಳುವಾಗಿ ಹರಡಿ, ಅದು ಹತ್ತಿಕೊಂಡ ಮೇಲೆ ಇನ್ನಷ್ಟು ಹಾಕುತ್ತೇನೆ. ಪ್ರತಿ ಸಲವೂ ಒಂದು ಬದಿಯ ಕೆಂಡವನ್ನು ಮುಚ್ಚದೆ ಬಿಡುವುದು ಬಹಳ ಮುಖ್ಯ. ಹೊಸ ಕಲ್ಲಿದ್ದಲಿನಿಂದ ಹೊರಡುವ ಅನಿಲ ಆ ನಿಗಿನಿಗಿ ಕೆಂಡದ ಮೇಲೆ ಒಡನೆಯೇ ಹೊತ್ತಿ ಉರಿದುಹೋಗುತ್ತದೆ. ಕೆಂಡವನ್ನೆಲ್ಲ ಮುಚ್ಚಿಬಿಟ್ಟರೆ ಅದು ಒಲೆಯೊಳಗೆ ಸೇರಿಕೊಂಡು, ಆಮೇಲೆ ಒಮ್ಮೆಗೇ ಢಬ್ಬೆಂದು ಸಿಡಿಯಬಹುದು. ಒಲೆಯ ಬಾಗಿಲನ್ನೂ ಇದೇ ಕಾರಣಕ್ಕೆ, ಫ್ಯಾನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೊದಲು ಬೆರಳಗಲ ಸರಿಸಿ, ಮುಖವನ್ನು ಪಕ್ಕಕ್ಕಿಟ್ಟುಕೊಂಡೇ ತೆರೆಯುತ್ತೇನೆ.

ಕಲ್ಲಿದ್ದಲಿನ ಬೆಂಕಿಯನ್ನು ಮೇಲಿನಿಂದ ಕೆದಕಬಾರದು. ಸೌದೆಯ ಒಲೆಗೆ ಒಗ್ಗಿದ ಕೈ ಸುಮ್ಮನಿರುವುದಿಲ್ಲ, ನಿಜ. ಆದರೆ ಕೆದಕಿದಾಗ ಬೂದಿ ಮೇಲಿನ ಬಿಸಿ ಪದರಕ್ಕೆ ಸೇರಿ, ಕರಗಿ, ಕಲ್ಲಿನಂಥ ಕಿಟ್ಟವಾಗಿ ಸರಳುಗಳನ್ನು ಕಟ್ಟಿಬಿಡುತ್ತದೆ. ಹಿಡಿಕೆಯನ್ನು ಗಿಡ್ಡ ಗಿಡ್ಡ ಎಳೆತಗಳಲ್ಲಿ ಆಡಿಸುತ್ತ ಕೆಳಗಿನ ಬೂದಿಪೆಟ್ಟಿಗೆಯತ್ತ ನೋಡುತ್ತಿರುತ್ತೇನೆ: ಮೊದಲು ಬೂದು ಪುಡಿ ಉದುರುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ಕಿಡಿ ಬೀಳುತ್ತದೆ, ಆಗ ಕೈ ನಿಲ್ಲಿಸಬೇಕು. ಇನ್ನೂ ಆಡಿಸಿದರೆ ಬೆಂಕಿಯೇ ಕೆಳಗಿಳಿಯುತ್ತದೆ.

ಕಲ್ಲಿದ್ದಲಿನ ಬೂದಿ ಕಟ್ಟಿಗೆಯ ಬೂದಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ತೋಟಕ್ಕೆ ಹಾಕುವುದಿಲ್ಲ. ತಣ್ಣಗಾದಂತೆ ಕಂಡ ಬೂದಿಯೊಳಗೂ ಕೆಂಡವಿದ್ದು ಕಾರ್ಬನ್ ಮಾನಾಕ್ಸೈಡ್ ಹೊರಬೀಳುತ್ತಿರಬಹುದಾದ್ದರಿಂದ, ಮುಚ್ಚಳವಿರುವ ತಗಡಿನ ಬಕೆಟ್ಟನ್ನು ಬಯಲಿನಲ್ಲೇ ಇಡುತ್ತೇನೆ. ಕರೆಂಟು ಹೋದಾಗ ಪಂಪ್ ನಿಲ್ಲದಂತೆ ಬ್ಯಾಟರಿಯ ವ್ಯವಸ್ಥೆ ಮಾಡಿದ್ದೇನೆ, ಏಕೆಂದರೆ ಕೊರೆಯುವ ಚಳಿಯಲ್ಲಿ ನಿಂತ ನೀರು ಪೈಪಿನಲ್ಲೇ ಹೆಪ್ಪುಗಟ್ಟಿ ಅದನ್ನು ಒಡೆಯಬಲ್ಲದು. ಚಳಿಗಾಲ ಮುಗಿದ ವಾರದಲ್ಲೇ ಒಲೆಯ ಮೂಲೆಮೂಲೆಯ ಬೂದಿಯನ್ನು ಕೆರೆದು ತೆಗೆಯುತ್ತೇನೆ. ಕಲ್ಲಿದ್ದಲಿನ ಗಂಧಕದ ಅಂಶ ಮಳೆಗಾಲದ ತೇವದೊಂದಿಗೆ ಸೇರಿ ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ. ಆಮೇಲೆ ಒಳಗೋಡೆಗೆ ತೆಳುವಾಗಿ ಎಣ್ಣೆ ಸವರಿ, ಚಿಮಣಿಯ ಬಾಯಿಗೆ ಮಳೆ ಬೀಳದಂತೆ ಮುಚ್ಚಳ ಹಾಕಿ, ನೀರನ್ನು ಮಾತ್ರ ತುಕ್ಕು ತಡೆಯುವ ದ್ರಾವಣದ ಸಮೇತ ತುಂಬಿದಂತೆಯೇ ಬಿಡುತ್ತೇನೆ.