ಸ್ಪೈರೋಮೆಟ್ರಿ ಕೋಣೆಯಲ್ಲಿ ಉಸಿರಿನ ಲೆಕ್ಕ: ನನ್ನ ಅನುಭವ

ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಗೆ ಬರುವವರಲ್ಲಿ ಹೆಚ್ಚಿನವರು ಬಲವಾಗಿ ಊದಿದರೆ ಕೆಲಸ ಮುಗಿಯಿತು ಎಂದುಕೊಂಡೇ ಕುರ್ಚಿಯಲ್ಲಿ ಕೂರುತ್ತಾರೆ. ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನು ನಡೆಸುತ್ತ, ಅದರ ಪಕ್ಕದ ಕೋಣೆಯಲ್ಲಿಯೇ ದೀರ್ಘಕಾಲದ ಉಬ್ಬಸದಿಂದ ಬಳಲುವವರಿಗೆ ಉಸಿರಾಟದ ವ್ಯಾಯಾಮವನ್ನು ಕಲಿಸುತ್ತ ಬಂದಿರುವ ನನಗೆ, ಊದುವ ಬಲಕ್ಕೆ ಇಲ್ಲಿರುವ ಪಾತ್ರ ಬಹಳ ಸಣ್ಣದೆಂಬುದು ದಿನವೂ ಕಣ್ಣಿಗೆ ಬೀಳುತ್ತದೆ. ಊದುವ ಮುನ್ನ ಎದೆ ಎಷ್ಟು ತುಂಬಿತ್ತು, ಊದತೊಡಗಿದ ಮೇಲೆ ಗಾಳಿ ಹೊರಬರಲು ಎಷ್ಟು ಸಮಯ ಸಿಕ್ಕಿತು ಎಂಬ ಎರಡು ಸಂಗತಿಗಳ ಮೇಲೆಯೇ ಪರೀಕ್ಷೆಯ ಫಲಿತಾಂಶವೂ ರೋಗಿಯ ಉಸಿರಾಟದ ನೆಮ್ಮದಿಯೂ ನಿಂತಿವೆ.

ಬೆಳಿಗ್ಗೆ ಮೊದಲು ಮಾಡುವ ಕೆಲಸವೆಂದರೆ ಯಂತ್ರದ ಅಳತೆ ಸರಿಯಿದೆಯೇ ಎಂದು ನೋಡುವುದು. ಇದಕ್ಕೆ ಮೂರು ಲೀಟರಿನ ದೊಡ್ಡ ಸಿರಿಂಜ್ ಇರುತ್ತದೆ. ಅದರ ಗಾಳಿಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ವೇಗವಾಗಿ ತಳ್ಳಿದಾಗಲೂ ಯಂತ್ರವು ಮೂರು ಲೀಟರನ್ನು ಶೇ. 3ರಷ್ಟು ವ್ಯತ್ಯಾಸದೊಳಗೆ ತೋರಿಸಬೇಕು. ಹೊಸದಾಗಿ ಕಲಿಯಲು ಬಂದವರಿಗೆ ನಾನು ಉಸಿರಾಟವನ್ನು ಈ ಸಿರಿಂಜಿನಿಂದಲೇ ವಿವರಿಸಲು ಆರಂಭಿಸುತ್ತೇನೆ. ಹಿಡಿಕೆಯನ್ನು ಹಿಂದಕ್ಕೆಳೆದರೆ ಒಳಗಿನ ಜಾಗ ಹಿಗ್ಗಿ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿ ತಾನಾಗಿಯೇ ನುಗ್ಗುತ್ತದೆ. ಶ್ವಾಸಕೋಶಕ್ಕೆ ತನ್ನನ್ನು ತಾನು ಹಿಗ್ಗಿಸಿಕೊಳ್ಳುವ ಸ್ನಾಯುವಿಲ್ಲ. ಅದರ ಕೆಳಗಿರುವ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಗುಮ್ಮಟದಂಥ ಸ್ನಾಯುವಾದ ವಪೆಯು (ಡಯಾಫ್ರಮ್) ಸಂಕುಚಿಸಿ ಕೆಳಗಿಳಿದಾಗ ಹಾಗೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಮೇಲಕ್ಕೂ ಹೊರಕ್ಕೂ ಎತ್ತಿದಾಗ, ಅದು ಅವುಗಳೊಂದಿಗೆ ಎಳೆಯಲ್ಪಡುತ್ತದೆ. ಸುಮ್ಮನೆ ಕುಳಿತಿರುವಾಗ ವಪೆ ಇಳಿಯುವುದು ಒಂದೆರಡು ಸೆಂಟಿಮೀಟರು ಮಾತ್ರ. ಆಗ ಶ್ವಾಸಕೋಶದೊಳಗಿನ ಪುಟ್ಟ ಗಾಳಿಚೀಲಗಳಾದ ಗಾಳಿಗೂಡುಗಳೊಳಗಿನ ಒತ್ತಡವು ಹೊರಗಿನದಕ್ಕಿಂತ ಕೇವಲ ಒಂದು ಸೆಂಟಿಮೀಟರ್ ಎತ್ತರದ ನೀರಿನಷ್ಟು ಕಡಿಮೆಯಾಗುತ್ತದೆ, ಅಷ್ಟಕ್ಕೇ ಸುಮಾರು ಅರ್ಧ ಲೀಟರ್ ಗಾಳಿ ಒಳಬರುತ್ತದೆ. ಹೊರಬಿಡುವಾಗ ಹಿಗ್ಗಿದ ಶ್ವಾಸಕೋಶವು ತನ್ನ ಸ್ಥಿತಿಸ್ಥಾಪಕ ಗುಣದಿಂದಲೇ ಕುಗ್ಗುವುದರಿಂದ, ಆರೋಗ್ಯವಂತರಿಗೆ ವಿಶ್ರಾಂತಿಯಲ್ಲಿ ಉಸಿರು ಬಿಡಲು ಶ್ರಮವೇ ಬೇಕಾಗುವುದಿಲ್ಲ.

ಪರೀಕ್ಷೆಗೆ ಬಂದವರ ಎತ್ತರವನ್ನು ಚಪ್ಪಲಿ ಬಿಡಿಸಿ ಅಳೆಯುತ್ತೇನೆ. ಇತ್ತೀಚೆಗೆ ಹೃದಯಾಘಾತವಾಗಿದ್ದವರನ್ನೂ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನೂ ವಾಪಸು ಕಳುಹಿಸಿ, ವೈದ್ಯರನ್ನು ಕೇಳಿ ಬರಲು ಹೇಳುತ್ತೇನೆ. ಬೆನ್ನು ನೇರ, ಪಾದ ನೆಲದ ಮೇಲೆ, ಮೂಗಿಗೆ ಕ್ಲಿಪ್, ನಳಿಗೆಯ ಸುತ್ತ ತುಟಿ ಬಿಗಿ, ನಾಲಿಗೆ ಕೆಳಗೆ. ಹೆಂಗಸರ ಲಂಗದ ಲಾಡಿ, ಗಂಡಸರ ಬೆಲ್ಟು ಸಡಿಲಾಗಿರಬೇಕು. ಹೊಟ್ಟೆಯ ಸುತ್ತ ಬಿಗಿದ ಲಾಡಿಯು ವಪೆ ಇಳಿಯುವಾಗ ಮುಂದಕ್ಕೆ ಸರಿಯಬೇಕಾದ ಹೊಟ್ಟೆಯನ್ನು ತಡೆಹಿಡಿಯುತ್ತದೆ. ಅದನ್ನು ಸಡಿಲಿಸಿದ ಮೇಲೆ ಮೊದಲಿಗಿಂತ ಚೆನ್ನಾಗಿ ಎದೆ ತುಂಬಿಕೊಂಡವರನ್ನು ನಾನು ಕಂಡಿದ್ದೇನೆ. ಆಮೇಲೆ ನನ್ನ ಗಂಟಲಿನ ಕೆಲಸ: "ಎಳೀರಿ, ಎಳೀರಿ, ಇನ್ನೂ ಎಳೀರಿ, ಈಗ ಊದಿ! ನಿಲ್ಲಿಸಬೇಡಿ, ಬಿಡ್ತಾ ಇರಿ, ಬಿಡ್ತಾ ಇರಿ..." ಪರದೆಯ ಮೇಲಿನ ಗೆರೆ ಮಟ್ಟಸವಾಗುವವರೆಗೂ ಇದು ನಡೆಯುತ್ತದೆ. ಸರಿಯಾದ ಮೂರು ಪ್ರಯತ್ನಗಳು ಬೇಕು. ಅವುಗಳಲ್ಲಿ ಅತಿ ಹೆಚ್ಚು ಬಂದ ಎರಡು ಅಳತೆಗಳ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರವಿರಬಾರದು. ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ 1846ರಲ್ಲಿ ತನ್ನ ಸ್ಪೈರೋಮೀಟರಿನ ವಿವರವನ್ನು ಪ್ರಕಟಿಸಿದಾಗ, ಒಟ್ಟು ಎಷ್ಟು ಗಾಳಿ ಹೊರಬಂತು ಎಂಬುದಷ್ಟೇ ಲೆಕ್ಕಕ್ಕಿತ್ತು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಎಂಬ ಪ್ರಶ್ನೆ 1947ರಲ್ಲಿ ಫ್ರಾನ್ಸಿನ ತಿಫ್ನೋ ಮತ್ತು ಪಿನೆಲ್ಲಿ ಅವರಿಂದ ಬಂತು, ಇಂದು ನಾವು ಬಹುತೇಕ ತೀರ್ಮಾನಗಳನ್ನು ತೆಗೆದುಕೊಳ್ಳುವುದು ಆ ಪ್ರಶ್ನೆಯ ಆಧಾರದ ಮೇಲೆಯೇ.

ಬಲದ ಮಾತಿಗೆ ಬರುವುದಾದರೆ, ಅದನ್ನು ನಾನು ನನ್ನ ಮೇಲೆಯೇ ಪರೀಕ್ಷಿಸಿಕೊಂಡೆ. ಯಾರು ಬೇಕಾದರೂ ಹೀಗೆ ಮಾಡಿ ನೋಡಬಹುದು. ಎದೆ ತುಂಬ ಗಾಳಿ ಎಳೆದುಕೊಂಡು ಒಮ್ಮೆ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಊದಿದೆ, ಇನ್ನೊಮ್ಮೆ ಅಷ್ಟೇ ತುಂಬಿಕೊಂಡು ತುಸು ಕಡಿಮೆ ಬಲದಿಂದ ಊದಿದೆ, ಬಳಿಕ ಗಾಳಿ ಹೊರಬರುತ್ತ ಹೋದಂತೆ ಅದರ ವೇಗ ಎಷ್ಟಿತ್ತೆಂದು ತೋರಿಸುವ ಎರಡು ವಕ್ರರೇಖೆಗಳನ್ನು ಪರದೆಯಲ್ಲಿ ಒಂದರ ಮೇಲೊಂದು ಇಟ್ಟೆ. ಮೊದಲನೆಯದರ ಶಿಖರ ಎತ್ತರವಾಗಿತ್ತು. ಆದರೆ ಸುಮಾರು ಕಾಲುಭಾಗದಷ್ಟು ಗಾಳಿ ಹೊರಬಿದ್ದ ನಂತರ ಇಳಿಯುವ ಗೆರೆಗಳೆರಡೂ ಬಹುತೇಕ ಒಂದೇ ಹಾದಿ ಹಿಡಿದಿದ್ದವು. ಹೆಚ್ಚುವರಿ ಬಲದಿಂದ ಅಲ್ಲಿ ಯಾವ ಪ್ರಯೋಜನವೂ ಆಗಿರಲಿಲ್ಲ.

ಇದಕ್ಕೆ ಕಾರಣ ಶ್ವಾಸನಾಳಗಳ ರಚನೆಯಲ್ಲಿದೆ. ಬಲವಂತವಾಗಿ ಊದುವಾಗ ಎದೆಗೂಡು ಹಾಕುವ ಒತ್ತಡವು ಗಾಳಿಗೂಡುಗಳ ಮೇಲೆ ಬೀಳುವಂತೆಯೇ, ಅವುಗಳಿಂದ ಹೊರಟ ನಾಳಗಳ ಮೇಲೂ ಹೊರಗಿನಿಂದ ಬೀಳುತ್ತದೆ. ಗಾಳಿಯು ಬಾಯಿಯ ಕಡೆಗೆ ಹರಿಯುತ್ತ ಬಂದಂತೆ ನಾಳದೊಳಗಿನ ಒತ್ತಡ ಇಳಿಯುತ್ತ ಹೋಗಿ, ಒಂದೆಡೆ ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಸಮವಾಗುತ್ತವೆ. ಅದರಾಚೆಗೆ ನಾಳ ಕಿರಿದಾಗತೊಡಗುತ್ತದೆ. ಇನ್ನಷ್ಟು ಬಲ ಹಾಕಿದರೆ ಗಾಳಿಯನ್ನು ತಳ್ಳುವ ಒತ್ತಡ ಹೆಚ್ಚುವಷ್ಟೇ ನಾಳವನ್ನು ಹಿಸುಕುವ ಒತ್ತಡವೂ ಹೆಚ್ಚುತ್ತದೆ. ದೊಡ್ಡ ನಾಳಗಳಿಗೆ ಮೃದ್ವಸ್ಥಿಯ ಆಸರೆಯಿದೆ. ಸುಮಾರು 23 ಬಾರಿ ಕವಲೊಡೆಯುತ್ತ ಹೋಗುವ ಶ್ವಾಸನಾಳದ ತುದಿಯ ಕಿರುನಾಳಗಳಿಗೆ ಅದಿಲ್ಲ. ಸುತ್ತಲಿನ ಗಾಳಿಗೂಡುಗಳ ಸ್ಥಿತಿಸ್ಥಾಪಕ ಎಳೆಗಳು ನಾಲ್ಕೂ ಕಡೆಯಿಂದ ಎಳೆದು ಹಿಡಿದಿರುವುದರಿಂದಲೇ ಅವು ತೆರೆದಿರುತ್ತವೆ. ಶ್ವಾಸಕೋಶ ಹೆಚ್ಚು ಹಿಗ್ಗಿದಾಗ ಈ ಎಳೆತ ಬಿಗಿಯಾಗಿ ನಾಳಗಳು ಅಗಲವಾಗುತ್ತವೆ. ಊದುವ ಮುನ್ನ "ಇನ್ನೂ ಎಳೀರಿ" ಎಂದು ನಾನು ಕೂಗುವುದರ ಹಿಂದೆ ಈ ಲೆಕ್ಕವೂ ಇದೆ.

ನಾಳದ ಅಗಲ ಎಷ್ಟು ಮುಖ್ಯವೆಂದರೆ, ಗಾಳಿ ಸರಾಗವಾಗಿ ಹರಿಯುತ್ತಿರುವ ನಳಿಕೆಯ ತ್ರಿಜ್ಯ ಅರ್ಧಕ್ಕಿಳಿದರೆ ಪ್ರತಿರೋಧ ಹದಿನಾರು ಪಟ್ಟಾಗುತ್ತದೆ. ಸಾಲ್ಬುಟಮಾಲ್ ಔಷಧವನ್ನು ಎಳೆಸಿ ಕಾಲು ಗಂಟೆ ಕೂರಿಸಿ ಮತ್ತೆ ಊದಿಸಿದಾಗ ಅಸ್ತಮಾ ಇರುವವರ ಅಂಕಿಗಳು ಒಮ್ಮೆಲೇ ಮೇಲೇರುವುದು ಇದರಿಂದಲೇ: ನಾಳದ ಗೋಡೆಯ ಸ್ನಾಯು ಸ್ವಲ್ಪವೇ ಸಡಿಲಿದರೂ ದಾರಿ ಬಹಳ ಸಲೀಸಾಗುತ್ತದೆ.

ಸಿ.ಒ.ಪಿ.ಡಿ., ಅಂದರೆ ಶ್ವಾಸನಾಳಗಳಲ್ಲಿ ಗಾಳಿಯ ಹರಿವಿಗೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ರೋಗಿಗಳ ಕತೆ ಬೇರೆ. ನನ್ನ ಬಳಿ ಬರುವವರಲ್ಲಿ ಬೀಡಿ ಸೇದಿದ ಗಂಡಸರಿದ್ದಾರೆ, ಜೀವಮಾನದಲ್ಲಿ ಬೀಡಿ ಮುಟ್ಟದೆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆಯ ಹೊಗೆ ಕುಡಿದ ಹೆಂಗಸರೂ ಇದ್ದಾರೆ. ಔಷಧದ ನಂತರವೂ ಇವರ ಮೊದಲ ಸೆಕೆಂಡಿನ ಗಾಳಿಯು ಹೊರಬಂದ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆಯಿರುತ್ತದೆ, ಪರದೆಯ ಇಳಿಜಾರು ನೇರವಾಗಿರದೆ ಒಳಕ್ಕೆ ತಗ್ಗಿರುತ್ತದೆ. ಕಿರುನಾಳಗಳನ್ನು ಹಿಡಿದಿದ್ದ ಎಳೆಗಳು ಹಾಳಾಗಿ, ಉಸಿರು ಬಿಡುವಾಗ ನಾಳಗಳು ಬೇಗನೆ ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಹೀಗೆ ಉಬ್ಬಿದ ಎದೆಯ ಕೆಳಗೆ ವಪೆಯು ತನ್ನ ಗುಮ್ಮಟದ ಆಕಾರ ಕಳೆದುಕೊಂಡು ಚಪ್ಪಟೆಯಾಗಿ ಶಕ್ತಿಗುಂದುತ್ತದೆ. ಅವರು ಮೊಣಕಾಲಿಗೆ ಕೈಯೂರಿ ಮುಂದಕ್ಕೆ ಬಾಗಿ ಕೂರುವುದನ್ನು ಯಾರೂ ಕಲಿಸಿರುವುದಿಲ್ಲ. ಹಾಗೆ ಕುಳಿತಾಗ ಕತ್ತು, ಭುಜಗಳ ಸ್ನಾಯುಗಳು ಪಕ್ಕೆಲುಬನ್ನೆತ್ತಲು ಒದಗುತ್ತವೆ, ಹೊಟ್ಟೆಯು ವಪೆಯನ್ನು ಮೇಲಕ್ಕೆ ದೂಡಿ ಅದರ ಆಕಾರವನ್ನು ತಕ್ಕಮಟ್ಟಿಗೆ ಮರಳಿಸುತ್ತದೆ.

ಉಬ್ಬಸ ಬಂದಾಗ ಅವರು ಸಹಜವಾಗಿಯೇ ಬೇಗ ಬೇಗ, ಮೇಲೆ ಮೇಲೆ ಉಸಿರಾಡುತ್ತಾರೆ. ಇದರ ನಷ್ಟವನ್ನು ನಾನು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ನಾಳಗಳಲ್ಲೇ ಉಳಿದು ಗಾಳಿಗೂಡನ್ನು ತಲುಪುವುದಿಲ್ಲ. ನಿಮಿಷಕ್ಕೆ 12 ಬಾರಿ 500 ಮಿಲಿಲೀಟರ್ ಎಳೆದರೂ 24 ಬಾರಿ 250 ಮಿಲಿಲೀಟರ್ ಎಳೆದರೂ ಒಟ್ಟು ಆರು ಲೀಟರೇ. ಆದರೆ ಗಾಳಿಗೂಡಿಗೆ ಸೇರುವುದು ಮೊದಲನೆಯದರಲ್ಲಿ 4200 ಮಿಲಿಲೀಟರಾದರೆ ಎರಡನೆಯದರಲ್ಲಿ 2400 ಮಾತ್ರ. ಈ ಸಂಖ್ಯೆಗಳು ಆರೋಗ್ಯವಂತರವು. ರೋಗಿಗಳಲ್ಲಿ ವ್ಯರ್ಥವಾಗುವ ಪಾಲು ಇದಕ್ಕಿಂತಲೂ ಹೆಚ್ಚು.

ಆದ್ದರಿಂದ ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆದು, ಸಿಳ್ಳೆ ಹಾಕುವಂತೆ ತುಟಿ ಕೂಡಿಸಿ ನಾಲ್ಕು ಎಣಿಸುವಷ್ಟು ಹೊತ್ತು ಬಿಡುವುದನ್ನು ಅಭ್ಯಾಸ ಮಾಡಿಸುತ್ತೇನೆ. ತುಟಿಯ ತಡೆಯಿಂದ ನಾಳದೊಳಗಿನ ಒತ್ತಡ ತುಸು ಏರಿ ನಾಳಗಳು ಹೆಚ್ಚು ಹೊತ್ತು ತೆರೆದಿರುತ್ತವೆ, ಹರಿವು ನಿಧಾನವಾಗಿ ಒಳಗಿನ ಗಾಳಿ ಖಾಲಿಯಾಗಲು ಸಮಯ ದೊರೆಯುತ್ತದೆ. ಕೆನ್ನೆ ಉಬ್ಬಿಸಿ ಬಲವಂತವಾಗಿ ಊದುವವರನ್ನು ಕೂಡಲೇ ತಡೆಯುತ್ತೇನೆ, ಏಕೆಂದರೆ ಅದು ಮತ್ತೆ ನಾಳ ಹಿಸುಕುವ ದಾರಿಯೇ. ಎಲ್ಲರಿಗೂ ಇದು ಒಂದೇ ಬಗೆಯಲ್ಲಿ ಒಗ್ಗುವುದಿಲ್ಲ, ಕೆಲವರಿಗೆ ತುಟಿಯ ತಡೆಯೇ ಹೊಸ ಶ್ರಮವೆನಿಸುತ್ತದೆ, ಅಂಥವರಿಗೆ ಒತ್ತಾಯಿಸುವುದಿಲ್ಲ. ಒಗ್ಗಿದವರನ್ನು ಆಸ್ಪತ್ರೆಯ ಮೆಟ್ಟಿಲ ಬಳಿಗೆ ಕರೆದೊಯ್ಯುತ್ತೇನೆ: ನಿಂತು ಉಸಿರೆಳೆದುಕೊಳ್ಳಬೇಕು, ತುಟಿ ಕೂಡಿಸಿ ಬಿಡುತ್ತ ಎರಡು ಮೆಟ್ಟಿಲು ಹತ್ತಬೇಕು, ಮತ್ತೆ ನಿಲ್ಲಬೇಕು. ಮೊದಲ ಮಹಡಿ ತಲುಪಲು ಉಳಿದವರಿಗಿಂತ ಅವರಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ, ಆದರೆ ಅಲ್ಲಿ ತಲುಪಿದಾಗ ಮಾತಾಡುವಷ್ಟು ಉಸಿರು ಅವರಲ್ಲಿ ಉಳಿದಿರುತ್ತದೆ.