ಎ, ಆ್ಯನ್, ದಿ: ಇಂಗ್ಲಿಷ್ ಅರ್ಜಿಯನ್ನು ತಪ್ಪಿಲ್ಲದೆ ಬರೆಯುವುದು ಹೇಗೆ?

ಕಲಬುರಗಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರ ಫೈಲು ನೋಡಿದರೆ ಖುಷಿಯಾಗುತ್ತದೆ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371 ಜೆ ಪ್ರಮಾಣಪತ್ರ ಎಲ್ಲವೂ ಒಪ್ಪವಾಗಿರುತ್ತವೆ. ಅರ್ಜಿಯ ಮೊದಲ ಸಾಲು ಮಾತ್ರ ‘ಮೈಸೆಲ್ಫ್’ ಎಂದು ಶುರುವಾಗಿ ಮಾನ ಕಳೆಯುತ್ತದೆ. ಪದವೀಧರರೂ ಎಡವುವುದು ದೊಡ್ಡ ವ್ಯಾಕರಣದಲ್ಲಲ್ಲ, ನಾಲ್ಕಾರು ಸಣ್ಣ ನಿಯಮಗಳಲ್ಲಿ. ಅದಕ್ಕಾಗಿ ‘ತಿಂಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕ ಕೊಳ್ಳಬೇಡಿ. ಅಂಥವುಗಳಲ್ಲೇ ಅಚ್ಚಿನ ತಪ್ಪುಗಳ ರಾಶಿ ಇರುತ್ತದೆ. ಒಂದು ನೋಟ್‌ಬುಕ್ ಮತ್ತು ನಿಮಗೆ ಗೊತ್ತಿರುವ ಕನ್ನಡ ಸಾಕು.

ಹೆಜ್ಜೆ 1: ವಾಕ್ಯ ತುಂಡರಿಸಿ. ‘ಆಳಂದದಿಂದ ಬಂದು, ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ರಸೀದಿ ಪಡೆದೆ’ ಎಂದು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಬಹುದು. ಇಂಗ್ಲಿಷಿನಲ್ಲಿ ಪ್ರತಿ ತುಂಡಿಗೂ ‘ಐ’ ಮತ್ತು ಪೂರ್ಣ ಕ್ರಿಯಾಪದ ಬಂದರೆ ಬರೀ ಅಲ್ಪವಿರಾಮದಿಂದ ಅವನ್ನು ಹೊಲಿಯುವಂತಿಲ್ಲ. ಪೂರ್ಣವಿರಾಮ ಹಾಕಿ.

ಹೆಜ್ಜೆ 2: ‘ಡಿಡ್’ ಬಂದ ಮೇಲೆ ಕ್ರಿಯಾಪದ ಮೂಲರೂಪದಲ್ಲಿರಲಿ. ‘ಐ ಡಿಡ್ ನಾಟ್ ರಿಸೀವ್ಡ್’ ತಪ್ಪು, ‘ರಿಸೀವ್’ ಸರಿ. ನಾವೂ ‘ಬರಲಿಲ್ಲ’ ಎನ್ನುತ್ತೇವೆಯೇ ಹೊರತು ‘ಬಂದಲಿಲ್ಲ’ ಎನ್ನುವುದಿಲ್ಲ.

ಹೆಜ್ಜೆ 3: ಎ, ಆ್ಯನ್, ದಿ. ಹತ್ತರಲ್ಲಿ ಒಂಬತ್ತು ಮಂದಿ ಮುಗ್ಗರಿಸುವುದು ಇಲ್ಲೇ, ಹಾಗಾಗಿ ಅವಸರ ಬೇಡ. ಎ, ಇ, ಐ, ಒ, ಯು ಅಕ್ಷರಗಳ ಮುಂದೆ ‘ಆ್ಯನ್’ ಎಂದು ಶಾಲೆಯಲ್ಲಿ ಕಲಿತ ಸೂತ್ರವನ್ನು ಮೊದಲು ಮರೆಯಿರಿ. ಲೆಕ್ಕಕ್ಕೆ ಬರುವುದು ಅಕ್ಷರವಲ್ಲ, ಉಚ್ಚಾರ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ: ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಯೂನಿವರ್ಸಿಟಿಯ ಮೊದಲಿಗೆ ಕೇಳುವುದು ಯಕಾರ. ಆದ್ದರಿಂದ ಕಡಗಂಚಿಯಲ್ಲಿರುವುದು ‘ಎ ಯೂನಿವರ್ಸಿಟಿ’. ಗಂಟೆ ಎಂಬರ್ಥದ ‘ಅವರ್’ ಪದದಲ್ಲಿ ಎಚ್ ಬಾಯಿ ಬಿಡುವುದೇ ಇಲ್ಲ, ‘ಆ್ಯನ್ ಅವರ್’. ‘ಎ ಬಿ.ಎ. ಡಿಗ್ರಿ’, ಆದರೆ ‘ಆ್ಯನ್ ಎಂ.ಎ. ಡಿಗ್ರಿ’.

ಇಲ್ಲೊಂದು ಗುಂಡಿ ಇದೆ. ನಮ್ಮ ನಾಲಿಗೆ ಪದದ ಮೊದಲ ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ತಾನಾಗಿಯೇ ಅಂಟಿಸುತ್ತದೆ. ‘ಯೆಂ.ಎ.’ ಎಂದು ಹೇಳಿಕೊಂಡರೆ ಪರೀಕ್ಷೆ ಕೆಡುತ್ತದೆ; ಆ ಯಕಾರ ನಮ್ಮದು, ಇಂಗ್ಲಿಷಿನದಲ್ಲ. ಇದಕ್ಕೆ ತಿರುಗುಮುರುಗಾದದ್ದು ‘ಒನ್’. ನಾವು ಒಕಾರದಿಂದ ಬರೆದರೂ ಇಂಗ್ಲಿಷಿನಲ್ಲಿ ಅದು ‘ವನ್’, ಹಾಗಾಗಿ ‘ಎ ಒನ್-ರುಪೀ ಕಾಯಿನ್’. ಅನುಮಾನ ಬಂದರೆ ಮೊಬೈಲ್ ನಿಘಂಟಿನಲ್ಲಿ ಉಚ್ಚಾರ ಕೇಳಿ.

‘ದಿ’ ಹಾಕುವ ಮುನ್ನ ‘ಯಾವುದು?’ ಎಂದು ಕೇಳಿಕೊಳ್ಳಿ. ಉತ್ತರ ಓದುವವರಿಗೆ ಆಗಲೇ ಗೊತ್ತಿದ್ದರೆ ‘ದಿ’. ಮೊದಲ ಸಲ ಹೇಳುವಾಗ ‘ಆ್ಯನ್ ಅಪ್ಲಿಕೇಶನ್’. ಮುಂದಿನ ಸಾಲಿನಲ್ಲಿ ಅದೇ ಅರ್ಜಿಯ ಮಾತು ಬಂದಾಗ ‘ದಿ ಅಪ್ಲಿಕೇಶನ್’. ನದಿಗಳಿಗೆ ‘ದಿ’ ಬೇಕು: ದಿ ಭೀಮಾ, ದಿ ಮಾಂಜ್ರಾ. ಊರಿಗೆ ಬೇಡ, ‘ದಿ ಯಾದಗಿರಿ’ ಎಂದು ಬರೆಯಬೇಡಿ. ಇನ್ನು ‘ಇನ್ಫರ್ಮೇಶನ್’, ‘ಅಡ್ವೈಸ್’ ಎಣಿಸಲಾಗದ ಪದಗಳು: ಮುಂದೆ ‘ಆ್ಯನ್’ ಇಲ್ಲ, ಹಿಂದೆ ಎಸ್ ಇಲ್ಲ. ನಾವು ‘ಮಾಹಿತಿಗಳು’ ಎನ್ನುತ್ತೇವೆಂದು ಇಂಗ್ಲಿಷ್ ಒಪ್ಪುವುದಿಲ್ಲ.

ಹೆಜ್ಜೆ 4: ಕಾಗುಣಿತ. ಬಾಯಲ್ಲಿ ನುಂಗುವ ಅಕ್ಷರಗಳ ಪಟ್ಟಿ ಮಾಡಿ. ಗವರ್ನಮೆಂಟ್ ಪದದಲ್ಲಿ ಎಂ ಅಕ್ಷರಕ್ಕೆ ಮುಂಚೆ ಎನ್ ಇದೆ. ಫೆಬ್ರುವರಿಯಲ್ಲಿ ಬಿ ಆದ ಮೇಲೆ ಆರ್ ಇದೆ. ‘ಬಿಲೀವ್’ನಲ್ಲಿ ಐ ಮೊದಲು, ಇ ಆಮೇಲೆ, ‘ರಿಸೀವ್’ನಲ್ಲಿ ಸಿ ನಂತರ ಇ, ಐ. ಮೊಬೈಲ್ ತಿದ್ದುತ್ತದೆ ಎಂದು ನಂಬಬೇಡಿ. ‘ಫ್ರಂ’ ಬರೆಯುವಲ್ಲಿ ‘ಫಾರ್ಮ್’ ಎಂದು ಬಿದ್ದರೆ, ಅದೂ ನಿಜವಾದ ಪದವೇ ಆದ್ದರಿಂದ, ಕೆಂಪು ಗೆರೆ ಬರದಿರಬಹುದು. ಊರಿನ ಹೆಸರಲ್ಲೂ ಎಚ್ಚರ: 2014ರ ನವೆಂಬರ್ 1ರಿಂದ ಇದು ಕಲಬುರಗಿ, ವಿಳಾಸದಲ್ಲಿ ಹಾಗೆಯೇ ಬರೆಯಿರಿ. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹೆಸರನ್ನು ಮಾತ್ರ ಅಂಕಪಟ್ಟಿಯಲ್ಲಿ ಇದ್ದಂತೆ ಗುಲ್ಬರ್ಗ ಎಂದೇ ಬರೆಯಿರಿ.

ಹೆಜ್ಜೆ 5: ಚಿಹ್ನೆಗಳು. ಅಲ್ಪವಿರಾಮ, ಪೂರ್ಣವಿರಾಮಗಳನ್ನು ಪದಕ್ಕೆ ಅಂಟಿಸಿ, ಆಮೇಲೆ ಜಾಗ ಬಿಡಿ. ‘ಐ’, ಊರು, ತಿಂಗಳು, ವಾರಗಳಿಗೆ ದೊಡ್ಡಕ್ಷರ. ಬಹುವಚನಕ್ಕೆ ಅಪಾಸ್ಟ್ರಫಿ ಬೇಡ. ಅಂಗಡಿ ಬೋರ್ಡುಗಳನ್ನು ನೋಡಿ ಕಲಿಯಬೇಡಿ. ‘ಇಟ್ಸ್’ ಬರೆಯುವಾಗ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿ. ಅರ್ಥ ಕೂಡಿದರೆ ಅಪಾಸ್ಟ್ರಫಿ ಇರಲಿ, ಕೂಡದಿದ್ದರೆ ತೆಗೆಯಿರಿ.