ಹಿಡಿಕೆ ಕಿತ್ತು ಬಾರದ ಬಟ್ಟೆಚೀಲ: ನನ್ನ ಅನುಭವ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಯಾರ ಕೈಯಲ್ಲಾದರೂ ನಾನು ಹೊಲಿದ ಚೀಲ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಹಿಡಿಕೆಯ ಬುಡಕ್ಕೆ. ಎರಡು ಮಳೆಗಾಲ ಕಳೆದಿವೆ. ಈಗಿನ ರೀತಿಯಲ್ಲಿ ಹೊಲಿದ ಇನ್ನೂರಕ್ಕೂ ಹೆಚ್ಚು ಚೀಲಗಳಲ್ಲಿ ಒಂದರ ಹಿಡಿಕೆಯೂ ಕಿತ್ತು ಬಂದಿಲ್ಲ.

2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದ ಮೇಲೆ ನಾನು ಹೊಲಿಯಲು ಶುರುಮಾಡಿದೆ. ಮೊದಲ ದೊಡ್ಡ ಆರ್ಡರ್ ಒಂದು ಹೋಂಸ್ಟೇಯದು. 40 ಚೀಲ, ತಲಾ 120 ರೂಪಾಯಿ. ಅತಿಥಿಗಳು ಕಾಫಿಪುಡಿ, ಕಿತ್ತಳೆ, ಜೇನು ತುಂಬಿಕೊಂಡು ಹೊರಟಾಗ ಹನ್ನೊಂದೋ ಹನ್ನೆರಡೋ ಚೀಲಗಳ ಹಿಡಿಕೆ ಕಿತ್ತಿತು. ಒಬ್ಬರ ಜೇನಿನ ಬಾಟಲಿ ಮೆಟ್ಟಿಲಿನ ಮೇಲೆ ಬಿದ್ದು ಒಡೆಯಿತು. ಅಷ್ಟನ್ನೂ ಹೊಸದಾಗಿ ಹೊಲಿದುಕೊಟ್ಟೆ. ಬಟ್ಟೆ, ನೂಲು, ಬಸ್ ಖರ್ಚು, ಜೇನಿನ ದುಡ್ಡು ಸೇರಿ ಸುಮಾರು 1,800 ರೂಪಾಯಿ ಕೈಬಿಟ್ಟಿತು. ಅಂದು ರಾತ್ರಿ ಊಟ ಸೇರಲಿಲ್ಲ.

ವಾಪಸು ಬಂದ ಚೀಲಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಹಿಡಿಕೆ ಹರಿದಿರಲಿಲ್ಲ, ನೂಲೂ ತುಂಡಾಗಿರಲಿಲ್ಲ. ಹಿಡಿಕೆ ಸೇರಿದ ಜಾಗದಲ್ಲಿ ಚೀಲದ ಬಟ್ಟೆಯೇ ಅಂಚೆಚೀಟಿ ಹರಿದಂತೆ ತೂತಿನ ಸಾಲಿನಗುಂಟ ಬಿಟ್ಟುಕೊಂಡಿತ್ತು. ಗಟ್ಟಿಯಾಗಲೆಂದು ಇಂಚಿಗೆ 14 ಹೊಲಿಗೆಯಂತೆ ಒಂದರ ಮೇಲೊಂದು ಮೂರು ಸಾಲು ಹಾಕಿದ್ದೆ. ಸೂಜಿಯೇ ಬಟ್ಟೆಯನ್ನು ಕೊಂದಿತ್ತು.

ಆಮೇಲೆ ಹಿಡಿಕೆಯೊಳಗೆ ಬಕ್ರಂ, ಅಂದರೆ ಅಂಗಿಯ ಕಾಲರಿಗೆ ಹಾಕುವ ಬಿರುಸು ಬಟ್ಟೆ, ಇಟ್ಟೆ. ನಾಲ್ಕು ಮಳೆಗೆ ಅದು ಮೆತ್ತಗಾಗಿ ಗಂಟುಗಂಟಾಯಿತು. ಹತ್ತಿನೂಲಿನಲ್ಲಿ ಹೊಲಿದದ್ದಕ್ಕೆ ಜುಲೈ ಮುಗಿಯುವುದರೊಳಗೆ ಬೂಸ್ಟು. ನೈಲಾನ್ ಹಗ್ಗ ಹಾಕಿದರೆ ಅಂಗೈ ಕೊಯ್ಯುತ್ತದೆ.

ಕೊನೆಗೆ ಕೈಗೆ ಬಂದದ್ದು ಒಂದಿಂಚಿನ ನವಾರು ಪಟ್ಟಿ, ಮಂಚಕ್ಕೆ ಹೆಣೆಯುವಂಥ ದಪ್ಪ ನೇಯ್ಗೆಯದು. ಅದನ್ನು ಬಾಯಿಯ ಹತ್ತಿರ ಅಂಟಿಸಿ ನಿಲ್ಲಿಸಲಿಲ್ಲ. ಒಂದು ಬದಿಯ ಹಿಡಿಕೆಯಿಂದ ಇಳಿಸಿ, ತಳದಡಿಯಲ್ಲಿ ಹಾಯಿಸಿ, ಇನ್ನೊಂದು ಬದಿಯಲ್ಲಿ ಹತ್ತಿಸಿ, ಮತ್ತೆ ತಳಕ್ಕೇ ತಂದು ಸುತ್ತು ಪೂರೈಸಿದೆ. ಸಾಮಾನಿನ ಭಾರ ಪಟ್ಟಿಯ ಮೇಲೆ ಕೂರುತ್ತದೆ, ಬಟ್ಟೆ ಸುಮ್ಮನೆ ಗೋಡೆಯಾಗಿ ನಿಲ್ಲುತ್ತದೆ. 14 ಇಂಚು ಅಗಲ, 16 ಇಂಚು ಎತ್ತರದ ಚೀಲಕ್ಕೆ ಮೂರು ಮೀಟರಿಗಿಂತ ತುಸು ಹೆಚ್ಚು ಬೇಕು. ಪಟ್ಟಿಯ ಎರಡು ತುದಿಗಳನ್ನು ತಳದಲ್ಲೇ ಮೂರಿಂಚು ಒಂದರ ಮೇಲೊಂದು ಇಟ್ಟು ಸೇರಿಸಬೇಕು. ಪಕ್ಕದ ಹೊಲಿಗೆ ಹಾಕುವ ಮೊದಲೇ, ಬಟ್ಟೆ ಚಪ್ಪಟೆಯಾಗಿರುವಾಗಲೇ ಈ ಕೆಲಸ ಮುಗಿಸಿ. ಬಾಯಿಯಿಂದ ಒಂದೂವರೆ ಇಂಚು ಕೆಳಗೆ ಒಳಬದಿಗೆ ಎರಡು ಮಡಿಕೆಯ ತುಂಡು ಬಟ್ಟೆ ಕೊಟ್ಟು, ಪಟ್ಟಿಯ ಮೇಲೆ ಚೌಕವಾಗಿ ಹೊಲಿದು ಅದರೊಳಗೆ ಗುಣಾಕಾರದ ಗುರುತಿನಂತೆ ಹೊಲಿಗೆ ಹಾಕಿ. 18ರ ಸೂಜಿ, ಪಾಲಿಯೆಸ್ಟರ್ ನೂಲು, ಇಂಚಿಗೆ ಏಳೇ ಹೊಲಿಗೆ. ಕೈ ಹಿಡಿಯುವ ಐದಿಂಚು ಮಾತ್ರ ಪಟ್ಟಿಯನ್ನು ಉದ್ದಕ್ಕೆ ಮಡಚಿ ಹೊಲಿದರೆ ದುಂಡಗಾಗಿ ಬೆರಳಿಗೆ ಹಿತ.

‘ಇಷ್ಟು ಪಟ್ಟಿ ಹಾಕಿದರೆ ನಿಮಗೆ ಉಳಿಯುವುದೇನಕ್ಕಾ?’ ಎಂದು ಪೇಟೆಯ ಟೈಲರ್ ಕೇಳಿದರು. ಪಟ್ಟಿಗೇ 38 ರೂಪಾಯಿಯ ಹತ್ತಿರ ಹೋಗುತ್ತದೆ, ನಿಜ. ಬೆಲೆಯನ್ನು 180ಕ್ಕೆ ಏರಿಸಿದೆ. ಉಳಿದ ಖರ್ಚು ಕಳೆದು ಎಂಬತ್ತರ ಆಸುಪಾಸು ಕೈಗೆ ಸಿಗುತ್ತದೆ. ಅಟ್ಟದ ತೊಲೆಗೆ ಚೀಲ ನೇತುಹಾಕಿ ಅಕ್ಕಿ ತುಂಬಿ ಎರಡು ದಿನ ಬಿಟ್ಟೆ. ತಳ ಅರ್ಧ ಇಂಚು ಜೋತಿತು, ಹೊಲಿಗೆ ಒಂದೂ ಜರುಗಲಿಲ್ಲ. ಅವರನ್ನು ಮನೆಗೇ ಕರೆದು ತೋರಿಸಿದೆ. ಈಗ ಅವರ ಅಂಗಡಿಯಲ್ಲೂ ನನ್ನ ಚೀಲ ಮಾರಾಟಕ್ಕಿದೆ.

ನಡುವೆ ಕಾಫಿ ಗಿಡ ಸವರಿದಾಗ ಬಿದ್ದ ಕೊಂಬೆಗಳನ್ನು ಒಣಗಿಸಿ, ತೂತು ಕೊರೆದು ಮರದ ಹಿಡಿಕೆಯನ್ನೂ ಮಾಡಿ ನೋಡಿದೆ. ನೋಡಲು ಬಹಳ ಚೆಂದ, ಪ್ರವಾಸಿಗರು ಮುಗಿಬಿದ್ದರು. ಸರಿಯಾಗಿ ಒಣಗದ ಎರಡು ಕೊಂಬೆ ತೂತಿನ ಬಳಿ ಸೀಳಿದವು. ಈ ಬಾರಿ ಒಲೆಯ ಮೇಲಿನ ಅಟ್ಟದಲ್ಲಿ ಆರು ತಿಂಗಳಿಂದ ಹೊಗೆಯಲ್ಲಿಟ್ಟಿದ್ದೇನೆ.

ಹೊಲಿಯುವ ಮುನ್ನ ಪಟ್ಟಿಗೆ ಬೂಸ್ಟು ಹಿಡಿಯದಂತೆ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಚೀಲಕ್ಕೆ 180 ರೂಪಾಯಿ ಸಿಗುತ್ತಿರುವುದು ಅದರಿಂದಲೇ.